ಎರೆ ನೆಲದಲ್ಲಿ ಸಾಲಿ ಕಟ್ಟಿ ಕಲಿತದ್ದು

ಮೊರಬ ನನ್ನ ತವರು. ನವಲಗುಂದ ತಾಲ್ಲೂಕಿನ ಈ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರವೂ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಗೋದಿ, ಜೋಳ. ನಡುವೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಈ ಸೀಮೆಯಲ್ಲಿ ಮನೆಗಳು ಬಿದ್ದವು, ಪೀಕು ಕೊಚ್ಚಿಹೋಯಿತು, ಶಾಲೆಗಳ ಗೋಡೆಗಳೂ ನೆಂದು ಕುಸಿದವು. ನಾನು ಹುಬ್ಬಳ್ಳಿಯಲ್ಲಿ ಕಟ್ಟಡದ ಇಂಜಿನಿಯರ್. ಬಂಧುಗಳು, ಕಾಲೇಜಿನ ಗೆಳೆಯರು ಸೇರಿ ಮಾಡಿಕೊಂಡ ಒಂದು ಸಣ್ಣ ಟ್ರಸ್ಟು ನಮ್ಮದು. ಆ ಮಳೆಯ ನಂತರ ಮೊರಬದ ಸೀಮೆಯಲ್ಲಿ ಎರಡು ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಕಟ್ಟಡ ಕಟ್ಟಿಸಿದೆವು. ಮೊದಲನೆಯದು ಎರಡೇ ವರ್ಷದಲ್ಲಿ ಬಿರುಕು ಬಿಟ್ಟಿತು. ಎರಡನೆಯದು ಗಟ್ಟಿಯಾಗಿ ನಿಂತಿದೆ. ಎರಡಕ್ಕೂ ಹಣ ಹೆಚ್ಚುಕಡಿಮೆ ಅಷ್ಟೇ ಬಿದ್ದಿತ್ತು. ತಮ್ಮ ಊರಿನ ಶಾಲೆಗೆ ಏನಾದರೂ ಮಾಡಬೇಕೆಂದು ಈಗ ಹಣ ಕೂಡಿಸುತ್ತಿರುವವರು ನಮ್ಮ ಮೊದಲನೆಯ ತಪ್ಪನ್ನು ಮತ್ತೆ ಮಾಡಬಾರದು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

1. ಕೋಣೆ ಎಣಿಸುವ ಮೊದಲು ಮಕ್ಕಳನ್ನು ಎಣಿಸಿ

ದಾನಿಗಳ ಮನಸ್ಸಿನಲ್ಲಿ ಇರುವುದು ಹೊಸ ಶಾಲೆ, ಹೊಸ ಕಮಾನು, ಹೊಸ ಹೆಸರು. ನಮ್ಮವರಿಗೂ ಹಾಗೇ ಇತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಒಂದರಿಂದ ಐದನೇ ತರಗತಿಯವರೆಗಿನ ಶಾಲೆ ಮಗುವಿನ ಮನೆಯಿಂದ 1 ಕಿಲೋಮೀಟರಿನೊಳಗೆ ಇರಬೇಕೆಂಬುದು ನಿಯಮ. ಬಹುತೇಕ ಊರುಗಳಲ್ಲಿ ಶಾಲೆ ಇದ್ದೇ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಶಾಲೆ ತೆರೆದರೆ ಇರುವ ಮಕ್ಕಳೇ ಎರಡು ಪಾಲಾಗುತ್ತಾರೆ, ಎರಡೂ ಬಡವಾಗುತ್ತವೆ.

ಮೊದಲ ಸಲ ನಾವು ಕೋಣೆ ಎಣಿಸಿದೆವು: ಇಷ್ಟು ಬಿದ್ದಿವೆ, ಇಷ್ಟು ಕಟ್ಟೋಣ. ಎರಡನೆಯ ಸಲ ಶಾಲೆಯ ಅಕ್ಕೋರ ಜೊತೆ ಜನತಾ ಪ್ಲಾಟಿನ ಮನೆ ಮನೆ ತಿರುಗಿದೆವು. ಅಲ್ಲಿಯ ಶಾಲೆಗೆ ಹೆಸರಿತ್ತು, ಹಾಜರಿ ಪುಸ್ತಕವಿತ್ತು, ಕಟ್ಟಡ ಇರಲಿಲ್ಲ. ಸಮುದಾಯ ಭವನದಲ್ಲಿ ನಡೆಯುತ್ತಿತ್ತು. ಭವನದಲ್ಲಿ ಮದುವೆ ಇದ್ದರೆ ಶಾಲೆಗೆ ಸೂಟಿ. ಊರಿನ ದೊಡ್ಡ ಶಾಲೆಗೆ ಯಾಕೆ ಕಳಿಸುವುದಿಲ್ಲ ಎಂದು ಕೇಳಿದ್ದಕ್ಕೆ ಒಬ್ಬ ತಾಯಿ ಹೇಳಿದಳು: “ಸಾಲಿ ಐತಿ ಯವ್ವಾ, ಇಲ್ಲಂತ ಅಲ್ಲ. ಹಳ್ಳ ದಾಟಿ ಹೋಗಬೇಕು. ಮಳಿ ಬಂದ ದಿವಸ ಸಣ್ಣವರನ್ನ ಹೆಂಗ ಕಳಸೂದು?” ನಾಲ್ಕು ಸಂಜೆ ತಿರುಗಿದ್ದಕ್ಕೆ ಸಿಕ್ಕ ಈ ಒಂದು ಮಾತಿನಿಂದ ಕಟ್ಟಡದ ಜಾಗ ನಿಶ್ಚಯವಾಯಿತು.

ಒಳಗೆ ಏನಿಡಬೇಕು ಎಂಬುದಕ್ಕೂ ಇದೇ ಮಾತು. ಮೊದಲ ಕಟ್ಟಡಕ್ಕೆ ನಾವು ಒಳ್ಳೆಯ ಸಾಗವಾನಿ ಬೆಂಚು ಕೊಟ್ಟೆವು. ತಿಂಗಳಾದ ಮೇಲೆ ಹೋದರೆ ಬೆಂಚುಗಳೆಲ್ಲ ಪಡಸಾಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಹಲಗೆ. ಅವರಿಗೆ ಬೇಕಾದದ್ದು ತಂಪಾದ, ನುಣುಪಾದ, ಬಿರಿಯದ ನೆಲ. ಎರಡನೆಯ ಕಟ್ಟಡದಲ್ಲಿ ಬೆಂಚಿನ ಹಣವನ್ನೆಲ್ಲ ನೆಲಕ್ಕೆ ಹಾಕಿದೆವು, ಗೋಡೆಯ ಸುತ್ತ ಕೆಳಮಟ್ಟದ ಹಲಗೆ ಮಾಡಿಸಿದೆವು. ಪಶ್ಚಿಮ ಕೀನ್ಯಾದ ಹಳ್ಳಿಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದ ಅಧ್ಯಯನವೊಂದಿದೆ. ಅದನ್ನು ಮಾಡಿದವರಲ್ಲಿ 2019ರಲ್ಲಿ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಒಬ್ಬರು. ಮೊದಲೇ ಜಾಣರಾಗಿದ್ದ ಮಕ್ಕಳಿಗೆ ಮಾತ್ರ ಆ ಪುಸ್ತಕಗಳಿಂದ ಲಾಭವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ. ಅದನ್ನು ಓದಿದಾಗ ನನಗೆ ಪಡಸಾಲೆಯ ಆ ಬೆಂಚುಗಳು ಕಣ್ಣಿಗೆ ಕಟ್ಟಿದವು.

2. ಉತಾರ ನೋಡದೆ ಗುದ್ದಲಿ ಎತ್ತಬೇಡಿ

ನಮ್ಮ ಕಡೆ ಜನ ಶಾಲೆಗೆ ಜಾಗ ಬಿಡುವುದು ಬಾಯಿಮಾತಿನಲ್ಲಿ. “ಸಾಲಿಗೆ ಅಂತ ನಮ್ಮಪ್ಪ ಬಿಟ್ಟಾನ, ಕಟ್ಟರಿ” ಎನ್ನುತ್ತಾರೆ. ಅವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಉತಾರದಲ್ಲಿ ತಾತನ ಹೆಸರು ಹಾಗೇ ಇರುತ್ತದೆ. ಮೂವತ್ತು ವರ್ಷದ ಮೇಲೆ ಮೊಮ್ಮಕ್ಕಳಲ್ಲಿ ಪಾಲು ಆದಾಗ ಶಾಲೆಯ ಅಂಗಳವೂ ಪಾಲಿಗೆ ಬರುತ್ತದೆ. ನಾವು ದಾನಪತ್ರವನ್ನು ಶಿಕ್ಷಣ ಇಲಾಖೆಯ ಹೆಸರಿಗೆ ನೋಂದಣಿ ಮಾಡಿಸಿ, ಹದ್ದುಬಸ್ತು ಅಳತೆ ಮುಗಿಸಿ, ನಾಲ್ಕು ಮೂಲೆಗೆ ಕಲ್ಲು ನಿಲ್ಲಿಸಿ ಆಮೇಲೆ ಪಾಯಾ ತೋಡಿದೆವು. ಟ್ರಸ್ಟಿನ ಹೆಸರಿಗೆ ಜಾಗ ಇಟ್ಟುಕೊಳ್ಳಬೇಡಿ. ನಾವು ಸತ್ತ ಮೇಲೆ ಅದು ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ.

ಇನ್ನೊಂದು ಕಾಗದ ಡೈಸ್ ಕೋಡ್, ಅಂದರೆ ಶಾಲೆಯ ಗುರುತಿನ ಸಂಖ್ಯೆ. ಶಾಲೆಗೆ ಮಾಸ್ತರು ಬರುವುದು, ಅಕ್ಷರ ದಾಸೋಹದ ಅಕ್ಕಿ ಬರುವುದು, ಪುಸ್ತಕ ಬರುವುದು ಎಲ್ಲ ಆ ಸಂಖ್ಯೆಯ ಮೇಲೆ. ಕೋಡಿಲ್ಲದ ಕಟ್ಟಡ ಎಷ್ಟೇ ಚಂದವಿರಲಿ, ಸರಕಾರದ ಲೆಕ್ಕದಲ್ಲಿ ಶಾಲೆಯಲ್ಲ. ಬಿಇಒ ಕಚೇರಿಗೆ ಹತ್ತು ಸಲ ಓಡಾಡುವುದಕ್ಕೆ ಬೇಸರಪಡಬೇಡಿ. ಗೋಡೆಯಷ್ಟೇ ಮುಖ್ಯವಾದ ಕೆಲಸ ಅದು.

3. ಎರೆ ಉಸಿರಾಡುತ್ತದೆ

ನನ್ನ ತಪ್ಪು ಇಲ್ಲಿದೆ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಕಟ್ಟಡದ ನಕ್ಷೆ ದೂರದ ಊರಿನಲ್ಲಿ ತಯಾರಾಗಿ ಬಂದಿತ್ತು. ಒಂದೂ ಕಾಲು ಮೀಟರು ಆಳದ ಪಾಯಾ, ಮೇಲೆ ಕಂಬ, ಸ್ಲ್ಯಾಬು. ಕೆಂಪು ಮಣ್ಣಿನಲ್ಲಿ ಅದು ನೂರು ವರ್ಷ ನಿಲ್ಲುತ್ತಿತ್ತು. ಎರೆ ಊರಿನಲ್ಲಿ ಹುಟ್ಟಿ ಬೆಳೆದ ನಾನು ಅದಕ್ಕೆ ಸಹಿ ಹಾಕಿದೆ. ಬೇಸಿಗೆಯಲ್ಲಿ ಕೆಲಸ, ಮಳೆಗಾಲಕ್ಕೆ ಉದ್ಘಾಟನೆ ಎಂಬ ಅವಸರವಿತ್ತು. ಪಾಯಾ ತೋಡುವಾಗ ಊರಿನ ಹಿರಿಯ ಗೌಂಡಿಯೊಬ್ಬರು ದಂಡೆಯ ಮೇಲೆ ಕೂತು ನೋಡುತ್ತಿದ್ದರು. “ತಂಗಿ, ಎರಿ ಉಸುರಾಡತೈತಿ. ಬ್ಯಾಸಿಗ್ಯಾಗ ಬಾಯಿ ತಗೀತೈತಿ, ಮಳಿಗಾಲದಾಗ ಉಬ್ಬತೈತಿ. ಇಷ್ಟಕ್ಕ ನಿಲ್ಲಂಗಿಲ್ಲ” ಅಂದರು. ನಾನು ನಕ್ಷೆ ತೋರಿಸಿದೆ. ಅವರು ನಕ್ಷೆ ನೋಡಲಿಲ್ಲ, ಎದ್ದು ಹೋದರು.

ಎರಡನೆಯ ಮಳೆಗಾಲ ಕಳೆದು ಬಿಸಿಲು ಬಿದ್ದಾಗ ಕಿಟಕಿಯ ಮೂಲೆಯಿಂದ ಅಡ್ಡಡ್ಡ ಬಿರುಕು ಎದ್ದಿತು. ಬಾಗಿಲು ಚೌಕಟ್ಟಿಗೆ ಹಿಡಿಯಿತು. ನೆಲದ ನಡುಭಾಗ ಉಬ್ಬಿತು.

ಗೌಂಡಿ ಹೇಳಿದ್ದು ಮಣ್ಣಿನ ವಿಜ್ಞಾನವೇ. ಎರೆಯಲ್ಲಿ ನೀರು ಕುಡಿದು ಹಿಗ್ಗುವ ಜೇಡಿ ಕಣಗಳಿವೆ. ನೆಂದಾಗ ಇಡೀ ಕಟ್ಟಡವನ್ನೇ ಎತ್ತುವಷ್ಟು ಬಲ ಅದಕ್ಕೆ. ಒಣಗಿದಾಗ ಬಿರಿದು ಬಿರುಕಿನಲ್ಲಿ ಎತ್ತಿನ ಕಾಲು ಸಿಗುವಷ್ಟು ಕುಗ್ಗುತ್ತದೆ. ಕಟ್ಟಡದ ಅಂಚಿನ ಮಣ್ಣು ಬೇಗ ಒಣಗುತ್ತದೆ, ಬೇಗ ನೆನೆಯುತ್ತದೆ, ನಡುವಿನದು ನಿಧಾನ. ಹಾಗಾಗಿ ಒಂದೇ ಗೋಡೆಯ ಒಂದು ತುದಿ ಏಳುವಾಗ ಇನ್ನೊಂದು ತುದಿ ಕೂರುತ್ತದೆ, ಗೋಡೆ ಹರಿಯುತ್ತದೆ. ಈ ಏರಿಳಿತ ನಡೆಯುವುದು ಮೇಲಿನ ಸುಮಾರು 3.5 ಮೀಟರಿನಲ್ಲಿ. ಅದರ ಕೆಳಗೆ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ.

ಪರಿಹಾರವೂ ನಮ್ಮ ದೇಶದಲ್ಲೇ ಹುಟ್ಟಿದ್ದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ನೆಲಕ್ಕೆಂದೇ ಅಂಡರ್‌ರೀಮ್ಡ್ ಪೈಲನ್ನು ರೂಢಿಗೆ ತಂದಿತು. ಕೈಯಿಂದ ತಿರುಗಿಸುವ ಬೈರಿಗೆಯಲ್ಲೇ ಸಣ್ಣ ಗುಂಡಿ ಕೊರೆದು, ಆ 3.5 ಮೀಟರಿನಷ್ಟು ಆಳದಲ್ಲಿ ಅದರ ಬುಡವನ್ನು ಎರಡೂವರೆ ಪಟ್ಟು ಅಗಲ ಮಾಡಿ ಕಾಂಕ್ರೀಟು ತುಂಬುತ್ತಾರೆ. ಕಡಲೆ ಗಿಡ ಕಿತ್ತಾಗ ಬೇರಿನಲ್ಲಿ ಗಂಟು ಕಾಣುವುದಿಲ್ಲವೇ, ಕಂಬದ ಬುಡ ಹಾಗೆ. ಮೇಲಿನ ಮಣ್ಣು ಎಷ್ಟು ಎಳೆದರೂ ಆ ಗಂಟು ಹಿಡಿದುಕೊಳ್ಳುತ್ತದೆ. ಎರಡನೆಯ ಕಟ್ಟಡವನ್ನು ಹೀಗೆ ನಿಲ್ಲಿಸಿದೆವು. ಕಂಬಗಳನ್ನು ಕೂಡಿಸುವ ಬೀಮಿನ ಕೆಳಗೆ ಮಣ್ಣಿಗೆ ತಾಗದಂತೆ ಸಂದು ಬಿಟ್ಟೆವು. ಎರೆ ಉಬ್ಬಿದರೆ ಆ ಸಂದಿನಲ್ಲಿ ಉಬ್ಬಲಿ. ನೆಲದ ಕೆಳಗಿನ ಎರೆ ತೆಗೆಸಿ ಗರಸು ತುಂಬಿ ದಮ್ಮಸು ಮಾಡಿಸಿದೆವು. ಸುತ್ತ ಒಂದೂವರೆ ಮೀಟರು ಅಗಲದ ಕಾಂಕ್ರೀಟು ಕಟ್ಟೆಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿ, ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಗಟಾರಕ್ಕೆ ಒಯ್ದೆವು. ದೊಡ್ಡ ಮರಗಳನ್ನು ದೂರ ನೆಟ್ಟೆವು, ಬೇರು ಗೋಡೆಯ ಬುಡದ ತೇವ ಹೀರದಿರಲೆಂದು. ಪೈಲಿಗೆ ಹೆಚ್ಚು ಬಿದ್ದ ಹಣವನ್ನು ಕಮಾನು, ಟೈಲ್ಸು, ಬಣ್ಣದಲ್ಲಿ ಉಳಿಸಿದೆವು.

ಹೊಸ ಜಾಗ ಆರಿಸುವಾಗ ಇನ್ನೊಂದು ಮಾತನ್ನು ಹಿರಿಯರಿಗೆ ಕೇಳಿ: ಇಲ್ಲಿ ಹಳೆಯ ಹಗೇವು ಇತ್ತೇ? ಜೋಳ ತುಂಬಿಡಲು ತೋಡಿದ ಆ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಮಣ್ಣು ಪರೀಕ್ಷೆಯ ಎರಡು ಬೋರಿನಲ್ಲಿ ಸಿಗದೆಯೂ ಹೋಗಬಹುದು. ಅಜ್ಜಂದಿರಿಗೆ ಗೊತ್ತಿರುತ್ತದೆ.

ಈ ಸಲ ಆ ಗೌಂಡಿಯವರ ಮನೆಗೆ ನಾನೇ ಹೋಗಿ ಕರೆದೆ. ಬಂದರು. ಮೊದಲ ಗುಂಡಿ ಕೊರೆಯುವಾಗ ಮೇಲೆ ಬಂದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿದರು. ಎಲ್ಲಿಯವರೆಗೆ ಹೋಗಬೇಕೆಂದು ಅವರು ಹೇಳಿದ್ದೂ ನನ್ನ ಲೆಕ್ಕವೂ ಒಂದು ಗೇಣಿನಷ್ಟು ಮಾತ್ರ ವ್ಯತ್ಯಾಸ. ಅವರು ಹೇಳಿದಷ್ಟೇ ಆಳಕ್ಕೆ ಹೋದೆವು.

4. ಸಿಮೆಂಟಿಗೆ ಕಲಸುವ ನೀರನ್ನು ನಾಲಿಗೆಗೆ ಹಚ್ಚಿ ನೋಡಿ

ನವಲಗುಂದ ಸೀಮೆಯ ಬೋರಿನ ನೀರು ಬಹಳ ಕಡೆ ಸವುಳು. ಊರವರು ಕುಡಿಯುವುದು ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರು. ಗುತ್ತಿಗೆದಾರರಿಗೆ ಬೋರು ಹತ್ತಿರ, ಕೆರೆ ದೂರ. ಕಬ್ಬಿಣದ ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ಐಎಸ್ 456 ಹೇಳುತ್ತದೆ. ಮೀರಿದರೆ ಸರಳು ಒಳಗೊಳಗೇ ತುಕ್ಕು ತಿಂದು ಕೆಲವು ವರ್ಷದಲ್ಲಿ ಸ್ಲ್ಯಾಬಿನ ಸಿಮೆಂಟು ಪಕಳೆ ಪಕಳೆಯಾಗಿ ಉದುರುತ್ತದೆ. ಅದರ ಕೆಳಗೆ ಮಕ್ಕಳು ಕೂತಿರುತ್ತಾರೆ. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸುವ ಖರ್ಚು ಏನೇನೂ ಅಲ್ಲ. ನಮ್ಮ ಬೋರಿನ ನೀರು ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಗ್ರಾಮ ಪಂಚಾಯಿತಿಯವರ ಒಪ್ಪಿಗೆ ಪಡೆದು ಟ್ಯಾಂಕರಿನಲ್ಲಿ ಕೆರೆಯ ನೀರು ತಂದೆವು. ಕುಡಿಯುವ ನೀರಿಗೇ ತತ್ವಾರವಿರುವ ಬೇಸಿಗೆಯಲ್ಲಿ ಕೆರೆಗೆ ಕೈ ಹಾಕುವುದು ನ್ಯಾಯವಲ್ಲ. ಹಾಗಾಗಿ ಸ್ಲ್ಯಾಬಿನ ಕೆಲಸವನ್ನು ಕಾಲುವೆಗೆ ನೀರು ಬಿಟ್ಟು ಕೆರೆ ತುಂಬಿದ ಮೇಲೆ ಇಟ್ಟುಕೊಂಡೆವು.

5. ಹೊಲದ ಪಂಚಾಂಗವೇ ಕೆಲಸದ ಪಂಚಾಂಗ

ಆಗಸ್ಟಿನ ಕೊನೆಗೆ ಹೆಸರು ಬಿಡಿಸುವ ಕಾಲ, ಆಮೇಲೆ ಹತ್ತಿ, ವರ್ಷದ ಆರಂಭಕ್ಕೆ ಮೆಣಸಿನಕಾಯಿ. ಆ ವಾರಗಳಲ್ಲಿ ಎಷ್ಟು ಕೂಲಿ ಕೊಟ್ಟರೂ ಆಳು ಸಿಗುವುದಿಲ್ಲ, ಸಿಗಬೇಕೆಂದು ಬಯಸುವುದೂ ತಪ್ಪು. ಜೂನ್ ಮಳೆ ಬಿದ್ದರೆ ಎರೆ ದಾರಿಯಲ್ಲಿ ಉಸುಕಿನ ಲಾರಿ ಅಚ್ಚಿನವರೆಗೆ ಹೂಳುತ್ತದೆ. ಕಡಿ, ಉಸುಕು, ಗರಸು ಎಲ್ಲವನ್ನೂ ಮೇ ಒಳಗೆ ಜಾಗದಲ್ಲಿ ಗುಡ್ಡೆ ಹಾಕಿಸಿ. ದಾನಿಗಳ ರಜೆ ನೋಡಿ ಉದ್ಘಾಟನೆಯ ತಾರೀಖು ಮೊದಲೇ ಗೊತ್ತು ಮಾಡಬೇಡಿ. ನಮ್ಮ ಮೊದಲ ಕಟ್ಟಡದ ಅರ್ಧ ಕೇಡು ಆ ತಾರೀಖಿನಿಂದ ಬಂದದ್ದು.

6. ಊರಿನ ಕೈ ಬೀಳಬೇಕು

ಬುರ್ಕಿನಾ ಫಾಸೊ ದೇಶದ ಗ್ಯಾಂಡೊ ಎಂಬ ಹಳ್ಳಿಯ ಕತೆಯನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿ ನಾನು ಮತ್ತೆ ಮತ್ತೆ ಹೇಳಿದ್ದೇನೆ. ಆ ಹಳ್ಳಿಯಲ್ಲಿ ಶಾಲೆ ಇರಲಿಲ್ಲ. ಊರಿನ ಮುಖಂಡರ ಮಗ ಫ್ರಾನ್ಸಿಸ್ ಕೆರೆ ಏಳನೇ ವಯಸ್ಸಿಗೆ ಮನೆ ಬಿಟ್ಟು ಬೇರೆ ಊರಿಗೆ ಓದಲು ಹೋಗಬೇಕಾಯಿತು. ಮುಂದೆ ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಓದುವಾಗಲೇ 1998ರಲ್ಲಿ ಗೆಳೆಯರ ಜೊತೆ ಸಂಘ ಕಟ್ಟಿ, ಹಣ ಕೂಡಿಸಿ, 2001ರಲ್ಲಿ ತನ್ನೂರಿಗೆ ಪ್ರಾಥಮಿಕ ಶಾಲೆ ಕಟ್ಟಿದರು. ಊರಿನ ಜೇಡಿಗೇ ತುಸು ಸಿಮೆಂಟು ಕೂಡಿಸಿ ಇಟ್ಟಂಗಿ ಮಾಡಿದರು. ಊರಿನ ಹೆಂಗಸರು, ಗಂಡಸರು ನೀರು ಹೊತ್ತರು, ನೆಲ ಬಡಿದು ಗಟ್ಟಿ ಮಾಡಿದರು. ತಗಡಿನ ಚಾವಣಿಯನ್ನು ಕೋಣೆಯ ಮೇಲಕ್ಕೆ ಎತ್ತಿ ನಿಲ್ಲಿಸಿ ನಡುವೆ ಗಾಳಿ ಹಾಯುವಂತೆ ಮಾಡಿದ್ದರಿಂದ ಸುಡು ಬಿಸಿಲಲ್ಲೂ ಒಳಗೆ ತಂಪು. ಆ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆ ಅವರು ಪ್ರಿಟ್ಜ್‌ಕರ್ ಪಡೆದ ಮೊದಲ ಆಫ್ರಿಕನ್ನರಾದರು.

ಜೇಡಿ ಗೋಡೆ ನಮಗೂ ಹೊಸದಲ್ಲ. ಮೊರಬದ ಹಳೆಯ ಮಾಳಿಗೆ ಮನೆಗಳ ಮೊಳ ದಪ್ಪದ ಮಣ್ಣಿನ ಗೋಡೆಯೊಳಗೆ ಏಪ್ರಿಲ್ಲಿನಲ್ಲೂ ನಿದ್ದೆ ಬರುತ್ತದೆ. ಸರಕಾರಿ ಶಾಲೆಗೆ ಮಣ್ಣಿನ ಗೋಡೆಗೆ ಮಂಜೂರಾತಿ ಪಡೆಯುವ ಧೈರ್ಯ ನನಗೆ ಆಗಲಿಲ್ಲ, ಅದು ಇನ್ನೂ ಮನಸ್ಸಿನಲ್ಲಿ ಉಳಿದಿದೆ. ಆದರೆ ಎರಡು ಮಾತು ಗ್ಯಾಂಡೊದಿಂದ ತಂದುಕೊಂಡೆ. ಎದುರುಬದುರು ಕಿಟಕಿ, ಮೇಲೆ ಬಿಸಿಗಾಳಿ ಹೋಗಲು ಜಾಲರಿ. ಮತ್ತು ಊರಿನ ಕೈ.

ಶಾಲಾಭಿವೃದ್ಧಿ ಸಮಿತಿಯವರು, ಅಂದರೆ ಎಸ್‌ಡಿಎಂಸಿಯವರು, ಗರಸು ಹೊಡೆಯಲು ಟ್ರ್ಯಾಕ್ಟರ್ ಕೊಟ್ಟರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಪಾಳಿ ಹಚ್ಚಿ ಸ್ಲ್ಯಾಬಿಗೆ ನೀರು ಹೊಡೆದರು. ಕಾಸಿನ ಲೆಕ್ಕದಲ್ಲಿ ಇದು ದೊಡ್ಡದಲ್ಲ, ಮತ್ತು ಬಡವರ ಕೈಯಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳಬಾರದು. ದಿನಗೂಲಿಯವರಿಗೆ ನಾವು ಪೂರ್ತಿ ಕೂಲಿ ಕೊಟ್ಟೆವು. ಆದರೆ ಮೊದಲ ಕಟ್ಟಡದ ಕಿಟಕಿಯ ಗಾಜು ಒಡೆದಾಗ ಊರಿನಿಂದ ಫೋನು ಬರುತ್ತಿತ್ತು, “ನಿಮ್ಮ ಸಾಲಿ ಗಾಜು ಒಡದೈತ್ರಿ” ಎಂದು. ಎರಡನೆಯದರ ಗಾಜು ಒಡೆದದ್ದು ನನಗೆ ಗೊತ್ತಾದದ್ದು ಹೊಸ ಗಾಜು ಕೂಡಿಸಿದ ಮೇಲೆ.

7. ಶೌಚಾಲಯಕ್ಕೆ ಮೊದಲು ನೀರು, ಆಮೇಲೆ ಗೋಡೆ

ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು, ಕಾಯ್ದೆಯಲ್ಲೂ ಅದಿದೆ. ಆದರೆ ನೀರಿನ ನಲ್ಲಿ ಹೊರಗಿದ್ದು ಬಕೆಟ್ಟು ಹೊತ್ತು ಒಯ್ಯಬೇಕಾದರೆ ಎರಡನೇ ತಿಂಗಳಿಗೆ ಅದಕ್ಕೆ ಬೀಗ ಬೀಳುತ್ತದೆ. ಟಾಕಿ, ನಲ್ಲಿ, ಒಳಗಿನ ಚಿಲಕ ಮಗುವಿನ ಎತ್ತರಕ್ಕೆ ಇರಲಿ. ತೊಳೆಯುವವರಿಗೆ ಪ್ರತಿ ತಿಂಗಳು ಯಾರು ಸಂಬಳ ಕೊಡುತ್ತಾರೆ ಎಂಬುದನ್ನು ಬರೆದಿಟ್ಟ ಮೇಲೆ ಕಟ್ಟಿ.

8. ಹತ್ತರಲ್ಲಿ ಒಂದು ಪಾಲು ಎತ್ತಿಡಿ

ನವಲಗುಂದದವರಿಗೆ ದಾನದ ಪಾಠ ಹೇಳುವುದಕ್ಕೆ ಹೊರಗಿನವರು ಬೇಕಿಲ್ಲ. ನವಲಗುಂದ-ಶಿರಸಂಗಿ ದೇಸಗತಿಯ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆಯೇ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ತಲೆಮಾರುಗಳೇ ಓದಿವೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು, ಅವರು ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ವರ್ಷವರ್ಷವೂ ಹುಟ್ಟುವಂತೆ ಇಟ್ಟು ಹೋದರು.

ನಾವು ಅದನ್ನು ನಮ್ಮ ಕೈಗೆ ತಕ್ಕಂತೆ ಮಾಡಿದೆವು. ಕೂಡಿದ ಹಣದಲ್ಲಿ ಹತ್ತನೇ ಒಂದು ಪಾಲನ್ನು ಕಟ್ಟಡಕ್ಕೆ ಹಾಕದೆ ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಬಡ್ಡಿ ಬಂದದ್ದು ರಿಪೇರಿಗೆ, ಶೌಚಾಲಯದ ಸ್ವಚ್ಛತೆಗೆ. ಹಣ ತೆಗೆಯಲು ಮುಖ್ಯೋಪಾಧ್ಯಾಯರ, ಎಸ್‌ಡಿಎಂಸಿ ಅಧ್ಯಕ್ಷರ ಎರಡೂ ಸಹಿ ಬೇಕು, ಲೆಕ್ಕ ಶಾಲೆಯ ಗೋಡೆಯ ಮೇಲೆ ಅಂಟಿಸಬೇಕು. ಇದಕ್ಕಾಗಿ ಒಂದು ಕೋಣೆ ಕಡಿಮೆ ಕಟ್ಟಬೇಕಾಯಿತು. ಕೆಲವು ದಾನಿಗಳು ಮುನಿಸಿಕೊಂಡರು. ಬಿರುಕು ಬಿಟ್ಟ ಮೊದಲ ಕಟ್ಟಡದ ರಿಪೇರಿಗೆ ಮತ್ತೆ ಕೈಚಾಚಬೇಕಾಗಿ ಬಂದದ್ದನ್ನು ನೋಡಿದ ಮೇಲೆ ಅವರಲ್ಲಿ ಇಬ್ಬರು ತಾವಾಗಿ ಠೇವಣಿಗೆ ಹಣ ಸೇರಿಸಿದರು. ಆ ರಿಪೇರಿಯನ್ನೂ ಮುಗಿಸಿದ್ದೇವೆ. ಬಿರುಕಿನ ಮೇಲೆ ತಾರೀಖು ಬರೆದು ಗಾಜಿನ ಪಟ್ಟಿ ಅಂಟಿಸಿದ್ದೇನೆ. ಮೇ ತಿಂಗಳಲ್ಲೊಮ್ಮೆ, ಸಪ್ಟೆಂಬರಿನಲ್ಲೊಮ್ಮೆ ಹೋಗಿ ಒಡೆದಿದೆಯೇ ಎಂದು ನೋಡಿ ಬರುತ್ತೇನೆ.

9. ಮಾಸ್ತರನ್ನು ಯಾರು ಕಟ್ಟುತ್ತಾರೆ?

ಈ ಪ್ರಶ್ನೆ ಪ್ಲಾಟಿನ ಅಜ್ಜಿಯೊಬ್ಬಳದು. ಸ್ಲ್ಯಾಬು ಹಾಕಿದ ದಿನ ಗುಗ್ಗರಿ ಹಂಚುವಾಗ ಕೇಳಿದಳು: “ಸಾಲಿ ನೀ ಕಟ್ಟಿದಿ ಮಗಳ, ಮಾಸ್ತರನ್ನ ಯಾರು ಕಟ್ಟತಾರ?”

ಹತ್ತೊಂಬತ್ತನೇ ಶತಮಾನದಲ್ಲಿ ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡುವ ಕೆಲಸಕ್ಕೂ ನಿಂತವರು. ಟ್ರಸ್ಟಿನವರಾದ ನಮ್ಮ ಕೈಯಲ್ಲಿ ಅದಿಲ್ಲ. ಅತಿಥಿ ಶಿಕ್ಷಕಿಯೊಬ್ಬಳಿಗೆ ಒಂದು ವರ್ಷ ಸಂಬಳ ಕೊಟ್ಟು ನೋಡಿದೆವು. ಎರಡನೇ ವರ್ಷ ನಮ್ಮ ಹಣ ಮುಗಿದಾಗ ಆ ಹುಡುಗಿ ಬಿಟ್ಟು ಹೋಗಬೇಕಾಯಿತು, ಮಕ್ಕಳು ಒಂದು ವಾರ ಅತ್ತವು. ಅಂಥ ಆಸೆ ಹುಟ್ಟಿಸಿ ಕೈಬಿಡುವುದಕ್ಕಿಂತ ಸರಕಾರ ಕೊಡಬೇಕಾದ ಹುದ್ದೆಯನ್ನು ಕೇಳಿ ಪಡೆಯುವುದು ಸರಿ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಮೂರು ಕೋಣೆ ಕಟ್ಟಿದ್ದೇವೆ, ಶಿಕ್ಷಕರು ಇಬ್ಬರೇ ಇದ್ದಾರೆ.

ಈ ಜೂನಿನ ದಾಖಲಾತಿ 58. ಕಳೆದ ವಾರ ಹೆಡ್‌ಮಾಸ್ತರರು ಪ್ಲಾಟಿನ ಮನೆಗಳ ಪಟ್ಟಿ ಮಾಡಿದ್ದಾರೆ. ಉಳ್ಳಾಗಡ್ಡಿ ಹಚ್ಚಲು ಬೇರೆ ಊರಿಗೆ ಹೋಗಿದ್ದ ಎರಡು ಮನೆಯವರು ತಿರುಗಿ ಬಂದಿದ್ದಾರಂತೆ, ಅಲ್ಲಿ ಆರು ವರ್ಷದ ಒಂದು, ಏಳು ವರ್ಷದ ಒಂದು ಮಗು ಇವೆ. ಮೂರನೆಯ ಮನೆಯಲ್ಲಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಒಂಬತ್ತು ವರ್ಷದ ಹುಡುಗಿ ಇದ್ದಾಳೆ. ತಂಗಿಯನ್ನು ಅಂಗನವಾಡಿಗೆ ಹಾಕಿದರೆ ಅಕ್ಕನನ್ನು ಕಳಿಸುತ್ತೇನೆ ಎಂದು ತಾಯಿ ಹೇಳಿದ್ದಾಳೆ. ಸೋಮವಾರ ಸಂಜೆ ಎಸ್‌ಡಿಎಂಸಿಯವರ ಜೊತೆ ನಾನೂ ಆ ಮೂರು ಮನೆಗೆ ಹೋಗುತ್ತಿದ್ದೇನೆ.